ಮೂವತ್ತೇಳನೆಯ ತಟ್ಟೆಯ ಬಟ್ಟೆ

ಬಿಯರ್ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ. ಎಲ್ಲರ ಬಾಯಲ್ಲೂ ಸೋಸಣ್ಣ. ಇಪ್ಪತ್ತಾರು ವರ್ಷದಿಂದ ಸೋಸುವುದೊಂದೇ ಕೆಲಸ, ಇನ್ನೇನೆಂದು ಕರೆದಾರು?

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಮಾಲ್ಟನ್ನು ಪುಡಿ ಮಾಡಿ ಬಿಸಿನೀರಿನಲ್ಲಿ ಕದಡಿದ ಗಂಜಿ ಪಂಪಿನಿಂದ ಅವನ ಯಂತ್ರಕ್ಕೆ ಬರುತ್ತಿತ್ತು. ಅದರಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಅರವತ್ತು ತಟ್ಟೆಗಳು, ಒಂದೊಂದಕ್ಕೂ ಒಂದು ದಪ್ಪ ಬಟ್ಟೆ. ಸಿಹಿ ರಸ ಬಟ್ಟೆ ದಾಟಿ ಹೋಗುತ್ತದೆ, ಸಿಪ್ಪೆ ಒಳಗೇ ಉಳಿಯುತ್ತದೆ. ಬಿಸಿನೀರು ಹಾಯಿಸಿ ಉಳಿದ ಸಿಹಿಯನ್ನೂ ತೊಳೆದುಕೊಂಡ ಮೇಲೆ ತಟ್ಟೆಗಳನ್ನು ಒಂದೊಂದಾಗಿ ಸರಿಸಬೇಕು. ರಸ ಬಸಿದ ಸಿಪ್ಪೆಯ ಹಿಂಡಿ ದೊಪ್ಪನೆ ಕೆಳಗೆ ಬೀಳುತ್ತದೆ. ಬೀಳದೆ ಹಟ ಹಿಡಿದದ್ದನ್ನು ಮರದ ಹಲಗೆಯಿಂದ ಕೆರೆಯಬೇಕು.

ಹರಿದ ಬಟ್ಟೆಗೆ ತೇಪೆ ಹಾಕುತ್ತಿದ್ದವಳು ಅವನ ಹೆಂಡತಿ. ಕಾರ್ಖಾನೆಯ ಮೂಲೆಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಗಂಡನೋ ತುಟಿಪಿಟಕ್ಕೆನ್ನದವನು, ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. "ನಿಮ್ ಯಂತ್ರ ಬೇಕಾದ್ರೆ ಮುರೀಲಿ, ನನ್ ಹೊಲಿಗೆ ಬಿಡಲ್ಲ, ನೋಡ್ತಿರಿ" ಎಂದು ಜಂಬ ಬೇರೆ.

ಅವಳು ಹೋಗಿ ನಾಲ್ಕು ವರ್ಷ. ಆಮೇಲೆ ತೇಪೆಯ ಕಾಲ ಮುಗಿದು, ಹರಿದರೆ ಹೊಸ ಬಟ್ಟೆ ಎಂದಾಯಿತು. ಅವಳು ಹೊಲಿದವು ಒಂದೊಂದೇ ಹೋಗಿ ಮೂವತ್ತೇಳನೆಯ ತಟ್ಟೆಯದೊಂದು ಉಳಿಯಿತು. ಸೋಸಣ್ಣ ಅದನ್ನು ತಟ್ಟೆಯಿಂದ ಬಿಚ್ಚದೆಯೇ ಮಗುವಿನಂತೆ ತೊಳೆದು, ತೇಪೆಯ ಮೇಲೆ ಹೆಬ್ಬೆರಳಾಡಿಸಿ, ತಟ್ಟೆಯನ್ನು ಮತ್ತೆ ಅಲ್ಲಿಗೇ ಸರಿಸುತ್ತಿದ್ದ. ಉಳಿದ ಐವತ್ತೊಂಬತ್ತನ್ನು ಅರೆಗಣ್ಣಲ್ಲಿ ನೋಡಿ ಮುಂದೆ ಹೋಗುತ್ತಿದ್ದ. ತಪ್ಪೇ, ಇಲ್ಲವೆನ್ನುವವರು ಯಾರು? ಆದರೆ ಮನೆಗೆ ಹೋದರೆ ನಾಲ್ಕು ಗೋಡೆಯ ಮುಖ ನೋಡಬೇಕಾದವನಿಗೆ ಇಡೀ ದಿನದಲ್ಲಿ ತನ್ನದು ಅಂತ ಇದ್ದದ್ದು ಆ ಅಂಗೈಯಗಲದ ಹೊಲಿಗೆಯೊಂದೇ.

ಒಂದು ಬೆಳಿಗ್ಗೆ ರಸದ ಕೊಳವೆಯ ಗಾಜಿನ ಕಿಂಡಿಯಲ್ಲಿ ರಸ ರಾಡಿಯಾಗಿ ಕಂಡಿತು. ಎಲ್ಲೋ ಒಂದು ಬಟ್ಟೆ ಹರಿದು ಸಿಪ್ಪೆ ನುಸುಳುತ್ತಿದೆ ಎಂದರ್ಥ. ಬಿಯರ್ ತಯಾರಿಕೆಯ ಮುಖ್ಯಸ್ಥೆ ಬಂದು ನಿಂತಳು.

"ಸೋಸಣ್ಣ, ಆ ತೇಪೆ ಬಟ್ಟೆ ಇನ್ನೂ ಇಟ್ಕೊಂಡಿದೀರಾ?"

"ಇದೆ ಮೇಡಂ."

"ತೆಗ್ದುಬಿಡಿ. ಅದೇ ಇರ್ಬೇಕು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೇರೆಯವನ್ನೂ ನೋಡೋಣ ಎಂದು ಸೋಸಣ್ಣ ಹೇಳಬಹುದಿತ್ತು. ಆದರೆ ಅವನಿಗೂ ಒಳಗೊಳಗೇ ಅನುಮಾನ. ನಾಲ್ಕು ವರ್ಷದ ದಾರ, ಎಷ್ಟೆಂದು ತಾಳೀತು?

ಯಂತ್ರ ನಿಲ್ಲಿಸಿ ತಟ್ಟೆ ಸರಿಸಿದ. ಬಿಸಿನೀರಿಗೆ ಕುಗ್ಗಿದ ಬಟ್ಟೆ ತಟ್ಟೆಗೆ ಕಚ್ಚಿಕೊಂಡು ಜಪ್ಪಯ್ಯ ಎಂದರೂ ಬರಲಿಲ್ಲ. ಅತ್ತ ಗಂಜಿ ಕಾಯುತ್ತಿತ್ತು. ಚಾಕು ತೆಗೆದು, ಹಲ್ಲು ಕಚ್ಚಿ, ಮೇಲಿಂದ ಕೆಳಕ್ಕೆ ಸೀಳಿದ. ತೇಪೆಯ ನಟ್ಟನಡುವೆ.

ಹೊಸ ಬಟ್ಟೆ ಹಾಕಿ ಪಂಪು ಬಿಟ್ಟಾಯಿತು. ಕಿಂಡಿಯಲ್ಲಿ ಅದೇ ರಾಡಿ.

ಆಮೇಲೆ ಅರವತ್ತನ್ನೂ ಬಿಚ್ಚಿ ನೋಡಿದರು. ಹೋದ ತಿಂಗಳು ಅವನೇ ಹಾಕಿದ್ದ ಹನ್ನೆರಡನೆಯ ಬಟ್ಟೆ, ಹೊಚ್ಚ ಹೊಸದು, ಅಂಚು ಮಡಚಿ ತೂತಾಗಿತ್ತು.

"ಛೆ, ನಾನೇ ದುಡುಕಿದೆ ಸೋಸಣ್ಣ."

"ಇಲ್ಲ ಮೇಡಂ. ಹನ್ನೆರಡನ್ನ ನಾನು ನೋಡ್ಲೇ ಇಲ್ಲ."

ಸಂಜೆ ಮನೆಯಲ್ಲಿ ಎರಡು ತುಂಡನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತ. ಹೊಲಿಗೆಗೆ ಉಗುರು ಹಾಕಿ ಎಳೆದ. ಇನ್ನೂ ಜೋರಾಗಿ ಎಳೆದ. ಒಂದೆಳೆಯೂ ಜಗ್ಗಲಿಲ್ಲ. ಅವಳು ಹೋದಮೇಲೆ ಆ ಮನೆಯಲ್ಲಿ ಮೊದಲ ಸಲ ಅವನು ಬಾಯಿ ಬಿಟ್ಟು ಮಾತಾಡಿದ.

"ನಿನ್ ಹೊಲಿಗೆ ಬಿಟ್ಟಿರ್ಲಿಲ್ಲ ಕಣೇ. ನಾನೇ ನಂಬ್ಲಿಲ್ಲ."