ತಿರುವಿನಲ್ಲಿ ಹರಡಿದ ಹುರುಳಿ

ಪವಿತ್ರಾ, ಆವತ್ತು ನೀನು ಸ್ಪೀಡಾಗಿ ಬರಲಿಲ್ಲ. ನಿನ್ನ ಬೈಕು ಜಾರಿದ್ದು ನಾನು ರಸ್ತೆಯ ಮೇಲೆ ಹರಡಿದ್ದ ಹುರುಳಿಯಿಂದ. ‘ಸ್ಪೀಡಾಗಿ ಬಂದಳು’ ಎಂದು ನಿಮ್ಮಪ್ಪನಿಗೆ, ಪೊಲೀಸಿನವರಿಗೆ, ಸೇರಿದ್ದ ಜನಕ್ಕೆಲ್ಲ ಹೇಳಿದವಳು ನಾನು. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಗೊತ್ತಿದ್ದೂ ಹೇಳಿದ ಸುಳ್ಳು.

ಇದನ್ನು ನಿನ್ನೆದುರು ನಿಂತು ಹೇಳಬೇಕಿತ್ತು. ಹೇಳುವ ಅವಕಾಶವೂ ಒಮ್ಮೆ ಸಿಕ್ಕಿತ್ತು, ಆಗಲೂ ಬಾಯಿ ಬಿಡಲಿಲ್ಲ. ಈಗ ಯಾಕೆ ಹೀಗೆ ಕಂಡಕಂಡವರೆಲ್ಲ ಓದುವ ಕಡೆ ಬರೆಯುತ್ತಿದ್ದೇನೆ — ಅದನ್ನೂ ಹೇಳುತ್ತೇನೆ. ಮೊದಲು ಆವತ್ತಿನದು.

ನನ್ನ ಹೋಟೆಲು ನಿನಗೆ ಗೊತ್ತು, ಬೇರೆಯವರಿಗೆ ಗೊತ್ತಿಲ್ಲ. ಕುಣಿಗಲ್ ಕಡೆಯಿಂದ ಹುತ್ರಿದುರ್ಗಕ್ಕೆ ಬರುವಾಗ ಒಂದು ತಿರುವಿನಲ್ಲಿ ಬೆಟ್ಟ ಇದ್ದಕ್ಕಿದ್ದಂತೆ ಎದುರು ನಿಲ್ಲುತ್ತದೆಯಲ್ಲ, ಅಲ್ಲೇ ರಸ್ತೆ ಪಕ್ಕದಲ್ಲಿ ಶೀಟು ಹೊದೆಸಿದ ಒಂದು ಗೂಡು. ತಟ್ಟೆ ಇಡ್ಲಿ, ಕಾಯಿ ಚಟ್ನಿ, ಟೀ. ನನ್ನ ತವರು ಗುಬ್ಬಿ ಕಡೆ. ಮದುವೆಯಾಗಿ ಇಲ್ಲಿಗೆ ಬಂದಾಗ ಈ ರಸ್ತೆಯಲ್ಲಿ ಬಸ್ಸು ಹೋದ ಮೇಲೆ ಮನುಷ್ಯರ ಸದ್ದೇ ಇರುತ್ತಿರಲಿಲ್ಲ. ಗಂಡ ಕುಣಿಗಲ್ಲಿನ ಗೊಬ್ಬರದ ಅಂಗಡಿಯಲ್ಲಿ ಸಂಬಳಕ್ಕಿದ್ದಾರೆ. ನಾನು ಹೋಟೆಲು ಇಡುತ್ತೇನೆ ಅಂದಾಗ ಊರಿನಲ್ಲಿ ಆಡಿಕೊಂಡವರಿಗೆ ಲೆಕ್ಕವಿಲ್ಲ. ‘ಹೆಂಗಸು ರೋಡ್ ಸೈಡಲ್ಲಿ ನಿಂತ್ಕೊಂಡು ಬೈಕಿನೋರ್ಗೆ ಟೀ ಕಾಯ್ಸೋದಾ?’ ಕಾಯಿಸಿದೆ. ಮನೆ ನಡೆದದ್ದು ಅದರಿಂದಲೇ. ವಾರವಿಡೀ ಹಾಲಿನ ಗಾಡಿ, ಬಸ್ಸು, ದನ. ಭಾನುವಾರ ಬಂತೆಂದರೆ ಬೆಳಕು ಹರಿಯುವ ಮುಂಚೆ ಬೈಕುಗಳು. ನಮ್ಮ ಅನ್ನ ಆ ಭಾನುವಾರದ್ದು.

ಆ ಅನ್ನ ತಿನ್ನುತ್ತಲೇ ನಾನು ಅವರನ್ನು ಬಯ್ಯುತ್ತಿದ್ದೆ. ಈಗಲೂ ಬಯ್ಯುತ್ತೇನೆ, ಅದನ್ನು ಮುಚ್ಚಿಡುವುದಿಲ್ಲ. ಸೈಲೆನ್ಸರ್ ಬಿಚ್ಚಿಸಿ ಬರುತ್ತಾರೆ, ಕಟ್ಟಿದ ಹಸು ಹಗ್ಗ ಕಿತ್ತುಕೊಂಡು ಓಡಬೇಕು, ಹಂಗೆ. ರಾಗಿ ಹೊಲದ ಬದುವಿನಲ್ಲಿ ನಿಂತು ಉಚ್ಚೆ ಹೊಯ್ಯುತ್ತಾರೆ, ಅದೇ ಹೊಲದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ‘ಎಷ್ಟು ಶಾಂತವಾಗಿದೆ ಇಲ್ಲಿ’ ಎಂದು ಕಿರುಚಿ ಹೇಳುತ್ತಾರೆ! ಒಬ್ಬ ನನ್ನ ಕೈಗೆ ತಟ್ಟೆ ಕೊಟ್ಟು, ವಿಡಿಯೋಗೆ ಸ್ವಲ್ಪ ನಗಿ ಅಂದ. ಒಲೆಯ ಹೊಗೆಯಲ್ಲಿ ಕಣ್ಣು ಉರಿಯುತ್ತಿತ್ತು, ಆದರೂ ನಕ್ಕೆ. ವ್ಯಾಪಾರ ಅಲ್ಲವೇ — ನಗಲೇಬೇಕು. ಹಾಗೆ ನಕ್ಕು ನಕ್ಕು ಹೊಟ್ಟೆಯಲ್ಲಿ ಸಿಟ್ಟು ತುಂಬಿಕೊಂಡಿತ್ತು.

ನೀನು ಅವರ ಹಾಗಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ನನ್ನ ತಪ್ಪು ಇಷ್ಟು ದೊಡ್ಡದು. ನೀನು ತುಮಕೂರಿನಿಂದ ಒಬ್ಬಳೇ ಬರುತ್ತಿದ್ದೆ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ನಿನ್ನ ಸಂಬಳದಲ್ಲೇ ಕೊಂಡ ಬೈಕು. ದನ ಅಡ್ಡ ಬಂದರೆ ಎಂಜಿನ್ ನಿಲ್ಲಿಸಿ, ಕಾಲು ಊರಿ ಕಾಯುತ್ತಿದ್ದೆ. ಹೆಲ್ಮೆಟ್ ತೆಗೆದು ನಿನ್ನ ತಟ್ಟೆ ನೀನೇ ತೊಳೆಯಲು ಹೋಗುತ್ತಿದ್ದೆ. ‘ವಾರವೆಲ್ಲ ಮಿಷನ್ ಸದ್ದು ಆಂಟಿ, ಇಲ್ಲಿಗೆ ಬಂದ್ರೆ ಕಿವಿ ತಣ್ಣಗಾಗುತ್ತೆ’ ಅನ್ನುತ್ತಿದ್ದೆ. ಮನೆಯಲ್ಲಿ ಬೈಕಿನ ಬಗ್ಗೆ ದಿನಾ ಜಗಳ, ಒಂದು ಸಲ ಬಿದ್ದರೆ ಸಾಕು, ಅಪ್ಪ ಮಾರಿಬಿಡುತ್ತಾರೆ ಎಂದೂ ಹೇಳಿದ್ದೆ. ಅದಕ್ಕೇ ಹುಷಾರಾಗಿ ಓಡಿಸ್ತೀನಿ ಅಂದಿದ್ದೆ. ಇದನ್ನು ನಾನು ಮರೆತಿರಲಿಲ್ಲ ಪವಿತ್ರಾ. ಸುಳ್ಳು ಹೇಳುವಾಗಲೂ ಇದು ನನಗೆ ನೆನಪಿತ್ತು.

ಈಗ ಹುರುಳಿಯ ವಿಷಯ. ನಮ್ಮ ಕಡೆ ಈಗ ಕಣ ಮಾಡುವವರಿಲ್ಲ, ಎತ್ತು ಕಟ್ಟಿ ತುಳಿಸುವವರೂ ಇಲ್ಲ. ಕಿತ್ತು ಒಣಗಿಸಿದ ಬಳ್ಳಿಯನ್ನು ಟಾರು ರಸ್ತೆಗೆ ಹರಡಿಬಿಟ್ಟರೆ ಬಸ್ಸು, ಲಾರಿ ಹತ್ತಿ ಹತ್ತಿ ಕಾಳು ಉದುರುತ್ತದೆ. ಸಂಜೆಗೆ ಗುಡಿಸಿ ತೂರಿಕೊಂಡರೆ ಆಯಿತು. ತಪ್ಪು ಎಂದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ. ಆದರೆ ಅದಕ್ಕೂ ಒಂದು ಪದ್ಧತಿ ಇದೆ. ನೇರ ರಸ್ತೆಯಲ್ಲಿ ಹಾಕಬೇಕು, ದೂರದಿಂದ ಕಾಣಬೇಕು. ಎರಡೂ ತುದಿಗೆ ಕಲ್ಲೋ ಸೊಪ್ಪಿನ ಕೊಂಬೆಯೋ ಇಡಬೇಕು, ಬೈಕಿನವರು ನೋಡಿ ಪಕ್ಕಕ್ಕೆ ಹೋಗಲಿ ಎಂದು. ಭಾನುವಾರ ಯಾರೂ ಹಾಕುವುದಿಲ್ಲ.

ನಾನು ಭಾನುವಾರವೇ ಹಾಕಿದೆ. ತಿರುವಿನಲ್ಲಿ ಹಾಕಿದೆ — ಇಡ್ಲಿ ಬಡಿಸುತ್ತಲೇ ಕಾಳಿನ ಮೇಲೊಂದು ಕಣ್ಣಿಡಬಹುದು ಅಂತ. ಮೊದಲು ಕಲ್ಲು ಇಟ್ಟಿದ್ದೆ. ಬಂದವರೆಲ್ಲ ಕಲ್ಲು ನೋಡಿ ಅಂಚಿನಲ್ಲಿ ಸುತ್ತಿಕೊಂಡು ಹೋದರು, ಬಳ್ಳಿ ಇದ್ದ ಹಾಗೇ ಇತ್ತು. ಸಿಟ್ಟು ಬಂತು. ನಮ್ಮ ಬೆಟ್ಟ ಬೇಕು, ನಮ್ಮ ಗಾಳಿ ಬೇಕು, ನಮ್ಮ ಹೊಲದ ಬದು ಬೇಕು ಇವರಿಗೆ, ನನ್ನ ಹುರುಳಿ ಮೇಲೆ ಚಕ್ರ ಹತ್ತಿಸಲು ಮಾತ್ರ ಆಗುವುದಿಲ್ಲವೋ? ಹತ್ತಿಸಲಿ, ದುಡಿಯಲಿ! ಹೋಗಿ ಕಲ್ಲುಗಳನ್ನು ಎತ್ತಿ ಚರಂಡಿಗೆ ಹಾಕಿದೆ. ಹಾಕಿ ಬಂದು, ಏನೋ ಗೆದ್ದವಳ ಹಾಗೆ, ಒಲೆಯ ಮುಂದೆ ಕೂತೆ.

ಆಮೇಲೆ ಮೊದಲು ಬಂದವಳು ನೀನು. ನಿಧಾನವಾಗಿಯೇ ಬಂದೆ. ನನ್ನ ಹೋಟೆಲಿಗೆ ತಿರುಗಲು ಬ್ರೇಕು ಹಿಡಿದೆ — ಅಷ್ಟೇ. ಹರಡುವಾಗಲೇ ಉದುರಿದ್ದ ಕಾಳಿನ ಮೇಲೆ ಚಕ್ರ ಹಾಗೇ ಜಾರಿತು. ಬೈಕು ನಿನ್ನ ಕಾಲಿನ ಮೇಲೆ ಬಿತ್ತು. ಸದ್ದೂ ದೊಡ್ಡದಾಗಿ ಬರಲಿಲ್ಲ.

ಇನ್ನು ಬರೆಯಬೇಕಾದದ್ದನ್ನು ನಾನು ಬಹಳ ಕಾಲ ಗಂಡನಿಗೂ ಹೇಳಿರಲಿಲ್ಲ. ನಾನು ಓಡಿ ಬಂದೆ, ಹೌದು. ಆದರೆ ನಿನ್ನ ಹತ್ತಿರಕ್ಕಲ್ಲ. ಮೊದಲು ಕಡ್ಡಿ ಪೊರಕೆ ತೆಗೆದುಕೊಂಡೆ. ಬಳ್ಳಿಯನ್ನೆಲ್ಲ ತಬ್ಬಿ ಎತ್ತಿ ಬೇಲಿಯ ಆಚೆ ಎಸೆದೆ, ಕಾಳನ್ನು ಚರಂಡಿಗೆ ಗುಡಿಸಿದೆ. ನೀನು ‘ಆಂಟಿ... ಆಂಟಿ...’ ಅನ್ನುತ್ತಿದ್ದೆ. ‘ಬಂದೆ ತಾಯಿ, ಬಂದೆ’ ಅನ್ನುತ್ತಲೇ ಗುಡಿಸುತ್ತಿದ್ದೆ. ಪೂರ್ತಿ ಗುಡಿಸಿದ ಮೇಲೆ ಬಂದು ಬೈಕು ಎತ್ತಿದೆ, ನಿನ್ನ ಬಾಯಿಗೆ ನೀರು ಹಾಕಿದೆ. ನೀನು ನನ್ನ ಕೈ ಹಿಡಿದುಕೊಂಡೆ. ಆ ಕೈಗೆ ಇನ್ನೂ ಹುರುಳಿಯ ಧೂಳು ಅಂಟಿತ್ತು.

ಯಾಕೆ? ಹಿಂದಿನ ವಾರವಷ್ಟೇ ಬೀಟಿಗೆ ಬಂದಿದ್ದ ಪೊಲೀಸಿನವನು ಟೀ ಕುಡಿಯುತ್ತಾ ಹೇಳಿದ್ದ: ‘ರೋಡಿಗೆ ಬೆಳೆ ಹಾಕಿ ಯಾರಾದ್ರೂ ಬಿದ್ರೆ ಕೇಸು ಕಣಮ್ಮ. ನಿನ್ ಹೋಟ್ಲೂ ರೋಡ್ ಜಾಗ್ದಲ್ಲೇ ಐತೆ, ಮರೀಬೇಡ.’ ನಿನ್ನ ಕಾಲು ನನಗೆ ಕಾಣಲಿಲ್ಲ. ಹೋಟೆಲು ಕಿತ್ತು ಹಾಕುವುದು ಕಂಡಿತು, ಆಡಿಕೊಂಡಿದ್ದ ಊರವರ ಮುಖ ಕಂಡಿತು. ಇದನ್ನು ಸಮಜಾಯಿಷಿ ಅಂತ ಹೇಳುತ್ತಿಲ್ಲ. ಭಯ ಯಾರಿಗಿಲ್ಲ? ಭಯವಿದ್ದವರೆಲ್ಲ ಬಿದ್ದ ಹುಡುಗಿಯನ್ನು ಬಿಟ್ಟು ರಸ್ತೆ ಗುಡಿಸುವುದಿಲ್ಲ.

ತೋಟದಿಂದ ಜನ ಓಡಿಬಂದರು. ಹಿಂದೆ ಬರುತ್ತಿದ್ದ ಬೈಕಿನವರೂ ನಿಲ್ಲಿಸಿದರು. ‘ಏನಾಯ್ತು ರತ್ನಕ್ಕ?’ ಎಂದು ಯಾರೋ ಕೇಳಿದರು.

‘ಸ್ಪೀಡಾಗ್ ಬಂದ್ಳು ಕಣಣ್ಣ. ತಿರುವಲ್ಲಿ ಗಾಡಿ ಕೈಗೆ ಸಿಗ್ಲಿಲ್ಲ.’

ಯಾರೂ ಮರುಪ್ರಶ್ನೆ ಹಾಕಲಿಲ್ಲ. ರಸ್ತೆಯನ್ನು ಬಗ್ಗಿ ನೋಡಿದ್ದರೆ ಟಾರಿನ ಸಂದಿಯಲ್ಲಿ ಕಾಳು ಸಿಗುತ್ತಿತ್ತು, ಯಾರೂ ಬಗ್ಗಲಿಲ್ಲ. ಎಲ್ಲರ ಬಾಯಲ್ಲೂ ಮಾತು ಸಿದ್ಧವಾಗಿತ್ತು. ‘ಹುಡ್ಗೀರ್ಗೆ ಯಾಕ್ ಬೇಕು ಇದೆಲ್ಲ.’ ‘ಸ್ಕೂಟಿ ಓಡ್ಸಿದ್ರೆ ಆಗ್ತಿರ್ಲಿಲ್ವಾ?’ ರೇಸಿನವರ ಹಾಗೆ ಬಟ್ಟೆ ತೊಟ್ಟಿದ್ದ ಒಬ್ಬ, ಪ್ರತಿ ಭಾನುವಾರ ಆ ತಿರುವಿನಲ್ಲಿ ಬೈಕು ಮಲಗಿಸಿಕೊಂಡು ಹೋಗುವವನು, ಅವನೂ ತಲೆಯಾಡಿಸಿದ! ನನಗೆ ಮೈ ಉರಿಯಿತು. ಇದೇ ಬಾಯಿಗಳು ತಾನೇ ನನಗೂ ಹೆಂಗಸಿಗೆ ಹೋಟೆಲು ಯಾಕೆ ಅಂದದ್ದು? ಆದರೆ ಉರಿದುಕೊಂಡು ಏನು ಮಾಡಿದೆ — ಸುಮ್ಮನಿದ್ದೆ. ಅವರಿಗೆ ಆ ಮಾತು ಎತ್ತಿಕೊಟ್ಟವಳು ನಾನೇ ಆಗಿದ್ದೆ.

ಅಷ್ಟರಲ್ಲಿ ಯಾರೋ ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಂಜೆ ಬೈಕು ತೆಗೆದುಕೊಂಡು ಹೋಗಲು ನಿಮ್ಮಪ್ಪ ಗೂಡ್ಸ್ ಆಟೋ ಮಾಡಿಸಿಕೊಂಡು ಬಂದರು. ಕಾಲು ಮುರಿದಿದೆ, ತಲೆಗೂ ಪೆಟ್ಟಾಗಿದೆ, ಹೇಗೆ ಬಿದ್ದಳೋ ಅವಳಿಗೆ ನೆನಪಿಲ್ಲ, ನೀವು ನೀರು ಕುಡಿಸಿದ್ದಷ್ಟೇ ಹೇಳುತ್ತಾಳೆ ಅಂದರು. ‘ನೀವು ಕಣ್ಣಾರೆ ನೋಡಿದ್ರಾ ಅಮ್ಮ?’ ಎಂದು ಕೇಳಿದರು. ಬಿದ್ದದ್ದು ನೆನಪಿಲ್ಲ ಎಂಬ ಮಾತು ಕೇಳಿ ನನಗೆ — ಬರೆಯಲು ನಾಚಿಕೆಯಾಗುತ್ತದೆ — ಸಮಾಧಾನವಾಯಿತು. ‘ನೋಡ್ದೆ ಅಣ್ಣ. ಭಾರಿ ಸ್ಪೀಡು’ ಅಂದೆ. ‘ಭಾರಿ’ ಎಂಬುದನ್ನು ಆಗ ಸೇರಿಸಿದೆ. ಪೊಲೀಸಿನವನು ಕೇಳಿದಾಗಲೂ ಅದನ್ನೇ ಹೇಳಿದೆ.

ಆಮೇಲೆ ನೀನು ಬರಲಿಲ್ಲ. ಬೈಕು ಮಾರಿದರು ಎಂದು ಕೇಳಿದೆ. ನಾನು ಇಡ್ಲಿ ಬೇಯಿಸುತ್ತಿದ್ದೆ, ಭಾನುವಾರಗಳು ಬರುತ್ತಿದ್ದವು, ಹೋಗುತ್ತಿದ್ದವು.

ಹೋದ ವರ್ಷ ಒಂದು ಕಾರು ನಿಂತಿತು. ನೀನು ಇಳಿದೆ, ಒಂದು ಕಾಲನ್ನು ಸ್ವಲ್ಪ ಎಳೆದುಕೊಂಡು. ಕುತ್ತಿಗೆಯಲ್ಲಿ ತಾಳಿ. ಗಂಡನಿಗೆ ನನ್ನನ್ನು ತೋರಿಸಿ, ‘ಇವ್ರೇ ಕಣ್ರೀ, ಆವತ್ತು ನಂಗೆ ನೀರು ಕುಡ್ಸಿದ್ದು’ ಅಂದೆ. ಕೇಳಿದೆಯಾ ಪವಿತ್ರಾ? ನೀರು ಕುಡಿಸಿದವಳು ಅಂದೆ ನೀನು.

ನೀನು ಟೀ ಕುಡಿಯುತ್ತಾ ಆ ತಿರುವನ್ನೇ ನೋಡುತ್ತಾ ಕೂತಿದ್ದೆ. ‘ಆವತ್ತು ಯಾಕಷ್ಟು ಸ್ಪೀಡಾಗ್ ಬಂದ್ನೋ ಆಂಟಿ, ನಂಗೇ ಗೊತ್ತಾಗಲ್ಲ. ನಾನ್ ಹಂಗೆಲ್ಲ ಓಡಿಸ್ತಿರ್ಲಿಲ್ಲ. ನನ್ ತಲೇಲಿ ಏನ್ ಸೇರ್ಕೊಂಡಿತ್ತೋ.’ ನಿನ್ನ ಗಂಡ ನಕ್ಕ. ‘ಅದಕ್ಕೇ ನಾನು ಇವ್ಳಿಗೆ ಸ್ಕೂಟೀನೂ ಕೊಡಲ್ಲ’ ಅಂದ. ನೀನೂ ಅವನ ಜೊತೆ ನಕ್ಕೆ.

ಸುಳ್ಳು ಹೇಳಿದ್ದು ಊರಿಗೆ, ಅಪ್ಪನಿಗೆ ಎಂದುಕೊಂಡಿದ್ದೆ. ಅದು ನಿನ್ನ ಒಳಗೇ ಹೋಗಿ ಕೂತಿತ್ತು. ನಿನ್ನ ಕೈಯನ್ನು ನೀನೇ ನಂಬದ ಹಾಗೆ ಮಾಡಿದ್ದೆ ನಾನು. ಆಗಲೂ... ಇನ್ನೊಂದು ಟೀ ಕೊಡಲಾ ಎಂದು ಕೇಳಿದೆ. ಥೂ ನನ್ನ ಜನ್ಮಕ್ಕೆ.

ಆಮೇಲೆ ನಿದ್ದೆ ಹತ್ತಲಿಲ್ಲ ಎಂದರೆ ಸುಳ್ಳಾಗುತ್ತದೆ, ದಣಿದವಳಿಗೆ ನಿದ್ದೆ ಬರುತ್ತದೆ. ಆದರೆ ನಿನ್ನ ನಗು ಮರೆಯಲಾಗಲಿಲ್ಲ. ಗಂಡನಿಗೆ ಎಲ್ಲ ಹೇಳಿದೆ. ಅವರು ‘ಹೋಗಿ ಹೇಳ್ಬುಟ್ ಬಾ’ ಅಂದರು. ಕಳೆದ ತಿಂಗಳು ಹೋಟೆಲು ಮುಚ್ಚಿ ತುಮಕೂರಿಗೆ ಹೋದೆ. ಅಲ್ಲೇ ಸತ್ಯಮಂಗಲದ ಕಡೆ ಮನೆ ಎಂದು ನೀನೇ ಹಿಂದೊಮ್ಮೆ ಹೇಳಿದ್ದೆಯಲ್ಲ, ಕೇಳಿ ಕೇಳಿ ಹುಡುಕಿದೆ. ನಿಮ್ಮಪ್ಪ ಇದ್ದರು. ನಿಂತುಕೊಂಡೇ ಎಲ್ಲ ಹೇಳಿದೆ — ಹುರುಳಿ, ಕಲ್ಲು ತೆಗೆದದ್ದು, ಗುಡಿಸಿದ್ದು. ಕಪಾಳಕ್ಕೆ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ತಲೆ ತಗ್ಗಿಸಿಕೊಂಡು ಬರುತ್ತಿದ್ದೆ.

ಅವರು ಕಾಫಿ ಕೊಟ್ಟರು.

‘ಆಗಿದ್ ಆಗೋಯ್ತು ಬುಡಮ್ಮ. ಒಂದ್ ಲೆಕ್ಕದಲ್ಲಿ ನೀನ್ ಹಂಗೆ ಹೇಳಿದ್ದೇ ಒಳ್ಳೇದಾಯ್ತು. ನಾವೆಷ್ಟ್ ಹೇಳಿದ್ರೂ ಬುಡ್ತಿರ್ಲಿಲ್ಲ ಅವ್ಳು, ನಿನ್ ಒಂದ್ ಮಾತಿಂದ ಗಾಡಿ ಹುಚ್ಚು ಬುಡ್ತು, ಮದ್ವೆಗೂ ಒಪ್ಕೊಂಡ್ಳು. ಈಗ ನೆಮ್ಮದಿಯಾಗವ್ಳೆ. ಅವ್ಳಿಗ್ ಮಾತ್ರ ಇದನ್ನ ಹೇಳ್ಬೇಡ.’

ನಿನ್ನ ಫೋನ್ ನಂಬರು ಕೇಳಿದೆ, ಕೊಡಲಿಲ್ಲ. ಮದುವೆ ಮಾಡಿ ಯಾವ ಊರಿಗೆ ಕೊಟ್ಟಿದ್ದೀರಿ ಎಂದು ಕೇಳಿದೆ, ಅದನ್ನೂ ಹೇಳಲಿಲ್ಲ. ಬಾಗಿಲವರೆಗೂ ಬಂದು, ಹುಷಾರಾಗಿ ಹೋಗಿ ಎಂದು ಮರ್ಯಾದೆಯಿಂದ ಕಳಿಸಿದರು.

ಬಸ್ಸಿನಲ್ಲಿ ಕೂತು ಹಲ್ಲು ಕಚ್ಚಿಕೊಂಡು ಬಂದೆ. ಹೆತ್ತ ಮಗಳ ಕಾಲು ಮುರಿದದ್ದು ಯಾರಿಂದ ಎಂದು ಗೊತ್ತಾದರೂ ಸಿಟ್ಟು ಬರಲಿಲ್ಲವಲ್ಲ ಆ ಮನುಷ್ಯನಿಗೆ! ನನ್ನ ಸುಳ್ಳು ಅವರಿಗೆ ಉಪಯೋಗಕ್ಕೆ ಬಂದಿತ್ತು. ನಿನ್ನನ್ನು ಕಟ್ಟಿಹಾಕಲು ಹಗ್ಗ ಹುಡುಕುತ್ತಿದ್ದರು, ನಾನು ತಂದುಕೊಟ್ಟೆ. ಆದರೆ ಅವರ ಮೇಲಿನ ಸಿಟ್ಟು ನನ್ನದನ್ನು ತೊಳೆಯುವುದಿಲ್ಲ. ಸಿಟ್ಟಿನ ಹಿಂದೆ ಅಡಗಿಕೊಳ್ಳುವುದು ನನಗೆ ಹಳೆಯ ಅಭ್ಯಾಸ. ಬೈಕಿನವರ ಮೇಲಿನ ಸಿಟ್ಟಿನಲ್ಲೇ ತಾನೇ ಕಲ್ಲು ತೆಗೆದದ್ದು.

ನಿನ್ನ ವಿಳಾಸ ಗೊತ್ತಿಲ್ಲ, ಅದಕ್ಕೇ ಹೀಗೆ ಬರೆದಿದ್ದೇನೆ. ಈಗ ಹೋಟೆಲಿಗೆ ಬಂದವರೆಲ್ಲರಿಗೂ ಹೇಳುತ್ತಿದ್ದೇನೆ. ಪೊಲೀಸಿನವರಿಗೂ ಹೇಳಿದ್ದೇನೆ. ‘ಸುಮ್ನಿರ್ಬಾರ್ದಾ ರತ್ನಕ್ಕ, ಹೋಟ್ಲು ಎತ್ತಿಸ್ಬುಡ್ತಾರೆ’ ಎಂದು ಊರಿನವರು ಬುದ್ಧಿ ಹೇಳುತ್ತಾರೆ. ಎತ್ತಿಸಲಿ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ.

ನಿನಗೆ ಹೇಳಬೇಡ ಅಂದರು ನಿಮ್ಮಪ್ಪ. ಹೇಳಿದ್ದೇನೆ. ಗಾಡಿ ಹತ್ತುವುದು, ಬಿಡುವುದು ನಿನ್ನಿಷ್ಟ. ಆದರೆ ನಿನ್ನ ಗಂಡ ಇನ್ನೊಮ್ಮೆ ಆ ಮಾತು ಹೇಳಿ ನಕ್ಕಾಗ, ತಾಯಿ, ನೀನು ಜೊತೆಗೆ ನಗಬೇಡ.