ಕಿವಿಯಮ್ಮನ ಹೊಟ್ಟೆಕಿಚ್ಚು

ಬೆಳಗಿನ ಐದೂವರೆ. ಚಿಪ್ ತಯಾರಿಸುವ ಕಂಪನಿಯ ಮೂರನೇ ಮಹಡಿಯಲ್ಲಿ ಇನ್ನೂ ಎ.ಸಿ. ಶುರುವಾಗಿಲ್ಲ, ಲಿಫ್ಟ್ ಅಲುಗಾಡಿಲ್ಲ. ಇಂಥ ನಿಶ್ಶಬ್ದ ಸಿಗುವುದು ಆರೂವರೆಯವರೆಗೆ ಮಾತ್ರ. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯಲ್ಲಿ, ಮಿನುಗುವ ಕೇಬಲ್ ಮೋಡೆಮ್‌ಗಳ ಸಾಲಿನ ಮುಂದೆ ಒಬ್ಬ ಹೆಂಗಸು ಫೋನನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಾರೆ. ಕುರ್ಚಿ ಕಿರುಗುಟ್ಟುತ್ತದೆ, ಅದಕ್ಕೇ ಕೂರುವುದಿಲ್ಲ.

ಇಂಟರ್ನೆಟ್ ಮೂಲಕ ಹೋಗಿಬರುವ ಮಾತಿನಲ್ಲಿ ಗೊರಗೊರ ಇದೆಯೇ, ತನ್ನ ದನಿ ತನಗೇ ತಿರುಗಿ ಕೇಳುತ್ತಿದೆಯೇ ಎಂದು ಆಲಿಸಿ ಐದಕ್ಕೆ ಇಷ್ಟು ಎಂದು ಅಂಕ ಹಾಕುವುದು ಅವರ ಕೆಲಸ. ದಿನಕ್ಕೆ ನೂರ ನಲವತ್ತು ಕರೆ, ಹನ್ನೊಂದು ವರ್ಷದಿಂದ. ಎಂಜಿನಿಯರುಗಳ ಬಾಯಲ್ಲಿ ಅವರು ಕಿವಿಯಮ್ಮ. "ಹಾಳು ಕಿವಿ ಇದು, ಮದುವೆ ಮನೇಲೂ ಸುಮ್ಮನಿರಲ್ಲ. ಮೈಕಿನವನ ಹತ್ರ ಜಗಳ ಆಡಿಯೇ ಬರ್ತೀನಿ" ಎಂದು ನಗುತ್ತಾರೆ.

ಮೊದಲು ಅವರು, ಅವರ ತಂಗಿ ಇಬ್ಬರೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರುಗಳು. ಅದು ಮುಚ್ಚಿದ ಮೇಲೆ ಇಬ್ಬರೂ ಇಲ್ಲಿಗೇ ಬಂದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ತಂಗಿ ರಸ್ತೆ ದಾಟಿ ಅದೇ ಕೆಲಸಕ್ಕೆ ಎದುರಿನ ಕಂಪನಿ ಸೇರಿದಳು. ಆ ಕಂಪನಿಯ ಚಿಪ್ಪೇ ಮಾರುಕಟ್ಟೆಗೆ ಮೊದಲು ಬಂತು, ಮೋಡೆಮ್‌ಗಳೊಳಗೆ ಕೂತು ಮನೆಮನೆಗೂ ಹೋಯಿತು, ತವರುಮನೆಯನ್ನೂ ಬಿಡಲಿಲ್ಲ.

"ಅಮ್ಮ ಫೋನೆತ್ತಿದ ತಕ್ಷಣ, 'ಎಷ್ಟು ಚೆನ್ನಾಗಿ ಕೇಳ್ಸುತ್ತೆ ನೋಡೇ, ಎಲ್ಲಾ ಚಿಕ್ಕವಳ ಕೈಗುಣ' ಅಂತಾರೆ. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತೆ. ಸುಳ್ಳು ಯಾಕೆ ಹೇಳ್ಲಿ?"

ಈ ವರ್ಷ ದೊಡ್ಡ ಕೇಬಲ್ ಸಂಸ್ಥೆಯೊಂದು ತನ್ನ ಹೊಸ ಮೋಡೆಮ್‌ಗೆ ಒಂದೇ ಚಿಪ್ ಆರಿಸಲು ಹೊರಟಿತು. ಕಣದಲ್ಲಿ ಉಳಿದದ್ದು ರಸ್ತೆಯ ಈ ಬದಿಯ ಕಂಪನಿ, ಆ ಬದಿಯ ಕಂಪನಿ. ಸೋತ ಕಡೆ ಆಲಿಸುವ ಕೋಣೆಗೆ ಬೀಗ ಬೀಳುತ್ತದೆ ಎಂಬುದು ಅಕ್ಕತಂಗಿಯರಿಬ್ಬರಿಗೂ ಗೊತ್ತಿತ್ತು.

ಈ ಬದಿಯ ಹೊಸ ಚಿಪ್ಪಿಗೆ ಯಂತ್ರಗಳೆಲ್ಲ ಪೂರ್ತಿ ಅಂಕ ಕೊಟ್ಟಿದ್ದವು. ಹೀಗಿರುವಾಗ ಒಂದು ಬೆಳಿಗ್ಗೆ, ತಂಗಿಯ ಫೋಟೊ ಎದುರಿನ ಕಂಪನಿಯ ಜಾಹೀರಾತಿನಲ್ಲಿ ಬಂದದ್ದನ್ನು ನೋಡಿ ತಡೆಯಲಾರದೆ, ಕಿವಿಯಮ್ಮ ಹೊಸ ಮೋಡೆಮ್‌ನಿಂದಲೇ ಅವಳ ಮನೆಗೆ ಫೋನ್ ಹಚ್ಚಿದರು. ಇಬ್ಬರೂ ಒಟ್ಟಿಗೇ ಬಾಯಿ ಮಾಡತೊಡಗಿದರು. ಇವರು ಮಾತಾಡುತ್ತಿರುವಷ್ಟು ಹೊತ್ತೂ ಅವಳ ದನಿ ಮಾಯ! ಎಂಜಿನಿಯರುಗಳು ಪರೀಕ್ಷಿಸಿದ್ದು ಸರದಿಯಲ್ಲಿ ಮಾತಾಡಿ. ಒಬ್ಬರು ಹೇಳುವಾಗ ಇನ್ನೊಬ್ಬರು ಗಪ್‌ಚಿಪ್.

"ಯಾವ ಮನೇಲಿ ಹಾಗೆ ಮಾತಾಡ್ತಾರೆ ಹೇಳಿ? ಅವಳು ಬೈದಿದ್ದರಲ್ಲಿ ಅರ್ಧಕ್ಕರ್ಧ ಚಿಪ್ಪೇ ನುಂಗಿತ್ತು. ಎರಡು ಅಂಕ ಹಾಕ್ದೆ. 'ಯಂತ್ರ ಪಾಸ್ ಅಂದಿದೆಯಲ್ಲಮ್ಮಾ' ಅಂದ್ರು ಮ್ಯಾನೇಜರ್. 'ಯಂತ್ರಕ್ಕೆ ತಂಗಿ ಇಲ್ಲ ಸಾರ್' ಅಂದೆ."

ಮುಂದಿನ ಐದು ವಾರ ಎಂಜಿನಿಯರುಗಳು ತಿದ್ದುವುದು, ಆರು ಗಂಟೆಗೆ ಇವರು ತಂಗಿಯ ಹತ್ತಿರ ಕಾಲು ಕೆರೆದು ಜಗಳವಾಡುವುದು. ಅಕ್ಕನಿಗೆ ಹೊಟ್ಟೆಕಿಚ್ಚಿನಿಂದ ತಲೆ ಕೆಟ್ಟಿದೆ ಎಂದುಕೊಂಡಳು ತಂಗಿ. ಪೂರ್ತಿ ತಪ್ಪೇನಲ್ಲ.

ಹೋದ ತಿಂಗಳು ಈ ಬದಿ ಗೆದ್ದಿತು. ಹೂಗುಚ್ಛ ಹಿಡಿದ ಫೋಟೊದಲ್ಲಿ ಕಿವಿಯಮ್ಮ ಇಲ್ಲ. ಅವರು ಆಗ ಮಹಡಿಯ ಮೇಲೆ, ಅದೇ ಹೊಸ ಮೋಡೆಮ್‌ನಿಂದ ತಂಗಿಗೆ ಫೋನ್ ಹಚ್ಚಿ ನಿಂತಿದ್ದರು.

"ಉರಿಸೋಕೆ ಅಂತಲೇ ಮಾಡಿದ್ದು. ಒಂದೇ ಸಮ ಜಂಭ ಕೊಚ್ಕೊಳ್ತಿದ್ದೆ. ಅದರಡಿ ಅವಳು ಅಳೋದು ಕೇಳಿಸ್ತು. ಬಿಕ್ಕೋದು, ಮೂಗೊರೆಸಿಕೊಳ್ಳೋದು, ಒಂದು ಚೂರೂ ಬಿಟ್ಟುಹೋಗಿರ್ಲಿಲ್ಲ. ನನ್ನ ಬಾಯಿ ತಾನೇ ನಿಂತುಹೋಯ್ತು." ಆಮೇಲೆ ಸೇರಿಸುತ್ತಾರೆ, "ಐದಕ್ಕೆ ಐದು ಹಾಕ್ದೆ. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ."

ಎದುರು ಕಟ್ಟಡದ ಆ ಕೋಣೆಗೆ ಈಗ ಬೀಗ ಬಿದ್ದಿದೆ. ಅಮ್ಮ ದೊಡ್ಡ ಮಗಳ ಕೈಗುಣದ ಸುದ್ದಿ ಇನ್ನೂ ಎತ್ತಿಲ್ಲ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಕಿವಿಯಮ್ಮ ಸೆರಗಿನ ತುದಿಯಿಂದ ಫೋನು ಒರೆಸುತ್ತಾರೆ.

"ಮೂರನೇ ಕಂಪನಿಯೊಂದು ಚಿಪ್ ಮಾಡ್ತಿದೆಯಂತೆ, ಆಲಿಸೋರನ್ನ ಹುಡುಕ್ತಿದಾರೆ. ಅವಳ ಹೆಸರು ನಾನೇ ಹೇಳಿದೀನಿ, ಅವಳಿಗೆ ಗೊತ್ತಿಲ್ಲ. ಸಿಗಲಿ ಅವಳಿಗೆ. ಹೊಟ್ಟೆ ಉರ್ಕೊಳ್ಳೋಕೂ ನನಗೆ ಸರಿಸಮ ಇರೋರು ಒಬ್ರು ಬೇಕಲ್ಲ."