ಬಾಗಿಲಿಗೆ ನೇತುಬಿದ್ದ ನನ್ನ ಕರಿ ಗಿಡ

ಗೆಳೆಯರೇ, ಸನತ್‌ನಗರದ ನಮ್ಮ ಬಿಲ್ಡಿಂಗಿನಲ್ಲಿ ಇಂದು ನನ್ನ ಗಿಡವನ್ನು ಗಲ್ಲಿಗೇರಿಸಿದರು.

ದಪ್ಪ ಎಲೆಯ, ಬದನೆಕಾಯಿಯಂಥ ಕಪ್ಪು ಬಣ್ಣದ ಗಿಡ. ನೆರಳಿಗಿಟ್ಟರೆ ಹಸಿರಾಗುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ. ಮೂರು ವರ್ಷ ತಾರಸಿಯ ಬಿಸಿಲಿನಲ್ಲಿಟ್ಟು ಬೆಳೆಸಿದ್ದೆ. ಬೆಳಿಗ್ಗೆ ನೋಡಿದರೆ ಕುಂಡ ಖಾಲಿ. ಕೆಳಗಿಳಿದು ಬಂದರೆ, ಎರಡನೇ ಮಹಡಿಯ ಸುಮಿತ್ರಾಬಾಯಿಯ ಬಾಗಿಲ ಮೇಲೆ ಬೇರು ಮೇಲಾಗಿ ನೇತಾಡುತ್ತಿದೆ!

“ಏನವ್ವಾ ಇದು?” ಎಂದೆ.

“ದೃಷ್ಟಿಗೆ ರೀ ಕಾಕಾ. ಇಲ್ಲಿ ಎಲ್ಲಾರೂ ಲೋಳೆಸರ ಕಟ್ಟತಾರ. ನಿಮ್ಮದು ಕರಿದೈತಲ್ಲ, ಇನ್ನೂ ಜೋರ್ ಕೆಲಸ ಮಾಡತೈತಿ ಅಂತ ತಂದೆ.”

“ಒಂದು ಮಾತು ಕೇಳಬೇಕಂತ ಅನಿಸಲಿಲ್ಲೇನು?”

“ಕೇಳಿದ್ರ ನೀವು ಕೊಡತಿದ್ದಿಲ್ಲಲ್ರಿ!”

ಆ ಮಾತು ಖರೆ. ಸ್ಟೂಲು ಹತ್ತಿ ನಾನೇ ಗಿಡ ಬಿಚ್ಚಿಕೊಂಡೆ. ಅರ್ಧ ಬೇರು ಹರಿದಿತ್ತು.

“ಅಯ್ಯ, ಬಾಗಿಲು ಬರಿದಾತಲ್ರಿ! ಯಾರರ ಕಣ್ಣು ಹಾಕಿದ್ರ?”

“ಹಾಕಲಿ ಬಿಡು. ನಿನ್ನ ಮನ್ಯಾಗ ಇರೋದೆಲ್ಲಾ ಮಂದೀದ, ದೃಷ್ಟಿ ಅವರಿಗೇ ತಾಗತೈತಿ!”

ದಢಾರನೆ ಬಾಗಿಲು ಹಾಕಿಕೊಂಡಳು.

ಎರಡು ದಿನ ಬೇರು ಒಣಗಿಸಿ ಮತ್ತೆ ನೆಡಬೇಕು. ಬದುಕಿದರೆ ಬದುಕಿತು. ಸಂಜೆ ಹೊತ್ತಿಗೆ ಆಕೆಯ ಬಾಗಿಲಿಗೆ ದೊಡ್ಡದೊಂದು ಲೋಳೆಸರ ಬಂದಿದೆ. ಅಕ್ಕಪಕ್ಕದ ಬಿಲ್ಡಿಂಗಿನವರು ತಮ್ಮ ತಮ್ಮ ಕುಂಡಗಳನ್ನು ಎಣಿಸಿಕೊಳ್ಳಿ.